ತಪ್ಪುಹೆಜ್ಜೆ

ಮಗು ಇಡುವ ಮೊದಲ ಹೆಜ್ಜೆಗಳಿಗೆ ನಾವು ‘ತಪ್ಪುಹೆಜ್ಜೆ’ ಎನ್ನುತ್ತೇವೆ. ಎಷ್ಟು ಅಕ್ಕರೆಯಿಂದ ಹೇಳುತ್ತೇವೆಂದರೆ ಆ ಮಾತಿನೊಳಗೆ ‘ತಪ್ಪು’ ಎಂಬುದೊಂದು ಕೂತಿದೆ ಎಂಬುದೇ ನಮಗೆ ನೆನಪಿರುವುದಿಲ್ಲ. ‘ನಮ್ಮ ಮೊಮ್ಮಗಳು ತಪ್ಪುಹೆಜ್ಜೆ ಇಡ್ತಿದಾಳೆ’ ಎಂದು ಪಕ್ಕದ ಮನೆಯವರಿಗೆ ಹೇಳುವಾಗ ಮುಖ ಅರಳುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಹುಡುಗಿಯ ಬಗ್ಗೆ ಅದೇ ಮಾತನ್ನು ಯಾರಾದರೂ ಆಡಿದರೆ? ಆಗ ದನಿ ತಗ್ಗುತ್ತದೆ. ಹೇಳುವವರು ಆಚೀಚೆ ನೋಡಿಕೊಂಡು ಹೇಳುತ್ತಾರೆ. ಕೇಳುವ ತಾಯಿಯ ತಲೆ ಬಾಗುತ್ತದೆ. ಮಾತು ಅದೇ, ಕಾಲೂ ಅದೇ. ನಡುವೆ ಬದಲಾದದ್ದೇನು?

ಹೀಗೆ ಎರಡು ಮುಖದ ಮಾತು ಇದೊಂದೇ ಅಲ್ಲ. ಅಂಬೆಗಾಲಿಡುವ ಕೂಸು ಮೊದಲ ಸಲ ಹೊಸ್ತಿಲು ದಾಟಿದ ದಿನ ಎಷ್ಟೋ ಮನೆಗಳಲ್ಲಿ ಸಿಹಿ ಮಾಡುತ್ತಾರೆ. ನಮ್ಮತ್ತೆಯವರು ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಬೀದಿಯ ಮಕ್ಕಳನ್ನೆಲ್ಲ ಕರೆದು ಬೆಲ್ಲ ಕೊಬ್ಬರಿ ಹಂಚುತ್ತಿದ್ದರು. ಅಂದು ‘ಹೊಸ್ತಿಲು ದಾಟಿದಳು’ ಎನ್ನುವುದು ಶುಭವಾರ್ತೆ. ಬೆಳೆದ ಹೆಣ್ಣಿನ ಬಗ್ಗೆ ಹೇಳಿದರೆ ಅದೇ ಮಾತು ಮನೆಯ ಮಾನದ ವಿಷಯ. ಎಡವಿದಳು, ಜಾರಿದಳು, ಬಿದ್ದಳು ಎಂದು ನಡಿಗೆ ಕಲಿಯುವ ಕೂಸಿಗೆ ನಗುತ್ತಾ ಹೇಳುವ ಮಾತುಗಳೆಲ್ಲ ಮುಂದೆ ಒಂದೊಂದಾಗಿ ಬೈಗುಳವಾಗುತ್ತವೆ. ‘ನಡತೆ’ ಎಂಬ ಪದವೇ ‘ನಡೆ’ಯಿಂದ ಹುಟ್ಟಿದ್ದಲ್ಲವೇ? 12ನೇ ಶತಮಾನದ ಶರಣರು ಮನುಷ್ಯನನ್ನು ಒರೆಗೆ ಹಚ್ಚಿದ್ದೂ ನಡೆ ನುಡಿಗಳಿಂದಲೇ. ಗುಣ ಅಳೆಯಲು ನಮ್ಮ ಭಾಷೆ ಕಾಲನ್ನೇ ಅಳತೆಗೋಲು ಮಾಡಿಕೊಂಡಿದೆ. ಹಾಗಿದ್ದ ಮೇಲೆ ಕಾಲು ನಡೆಯುವುದನ್ನು ಹೇಗೆ ಕಲಿಯುತ್ತದೆಂದು ಸ್ವಲ್ಪ ಕೂತು ನೋಡಿದರೆ ನಡತೆಯ ವಿಷಯದಲ್ಲೂ ಏನಾದರೂ ತಿಳಿದೀತು.

ನೋಡುವ ಅವಕಾಶ ನನಗೆ ಈಚೆಗೆ ಸಿಕ್ಕಿತು. ಮಗಳು ಹತ್ತು ತಿಂಗಳ ಕೂಸನ್ನು ಕರೆದುಕೊಂಡು ಬಂದು ಮೂರು ತಿಂಗಳು ನಮ್ಮಲ್ಲಿದ್ದಳು. ಸ್ವಂತ ಮಕ್ಕಳು ನಡಿಗೆ ಕಲಿಯುವಾಗ ನಮಗೆ ನೋಡಲು ಪುರುಸೊತ್ತೆಲ್ಲಿರುತ್ತದೆ? ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಯಾರೋ, ಕೂಸು ಎಲ್ಲೋ. ಮೊಮ್ಮಕ್ಕಳ ಕಾಲಕ್ಕೆ ನಾವು ಕುರ್ಚಿಯಲ್ಲಿ ಕೂತಿರುತ್ತೇವೆ.

ನಡಿಗೆ ಎಂಬುದು ಒಂದು ದಿನದಲ್ಲಿ ಬರುವುದಿಲ್ಲ. ‘ಇವತ್ತು ನಡೆದಳು’ ಎಂದು ನಾವು ದಿನಾಂಕ ಬರೆದಿಡುತ್ತೇವೆ, ಅಷ್ಟೆ. ನಿಜವಾಗಿ ಅದು ತಿಂಗಳುಗಟ್ಟಲೆಯ ಕೆಲಸ. ಮೊದಲು ಮಂಚದ ಕಾಲು, ನನ್ನ ಸೀರೆಯ ನೆರಿಗೆ, ಟೀವಿಯ ಸ್ಟ್ಯಾಂಡು, ಏನು ಸಿಕ್ಕರೆ ಅದನ್ನು ಹಿಡಿದು ಏಳುವುದು. ಎದ್ದು ನಿಂತ ಮೇಲೆ ಕೂರುವುದು ಹೇಗೆಂದು ತಿಳಿಯದೆ ಅಲ್ಲೇ ಅಳುವುದು. ಆಮೇಲೆ ಗೋಡೆ ಹಿಡಿದು ಏಡಿಯ ಹಾಗೆ ಪಕ್ಕಕ್ಕೆ ಸರಿಯುವುದು. ಗೋಡೆ ಮುಗಿದು ಬಾಗಿಲು ಬಂದಲ್ಲಿ ನಿಂತು ಯೋಚಿಸುವುದು. ಒಂದು ದಿನ ಎರಡೂ ಕೈ ಬಿಟ್ಟು, ತಾನು ಕೈ ಬಿಟ್ಟಿದ್ದೇನೆಂದು ತನಗೇ ಗೊತ್ತಾದೊಡನೆ ತೊಪ್ಪನೆ ಕೂತುಬಿಡುವುದು. ನಂತರ ಕೈಗಳೆರಡನ್ನೂ ಮೇಲೆತ್ತಿ, ಕಾಲು ಅಗಲಿಸಿ, ಹೊಟ್ಟೆ ಮುಂದೆ ಮಾಡಿ ಎರಡು ಹೆಜ್ಜೆ. ಅಷ್ಟು ಮಾಡಿದ ಕೂಸೂ ಬೆಕ್ಕು ಕಂಡು ಅವಸರವಾದರೆ ಮತ್ತೆ ನಾಲ್ಕು ಕಾಲಿಗೇ ಬೀಳುತ್ತದೆ. ವಾರಗಟ್ಟಲೆ ಎರಡೂ ನಡಿಗೆ ಜೊತೆಜೊತೆಗೆ ಇರುತ್ತವೆ. ಇವತ್ತು ನಾಲ್ಕು ಹೆಜ್ಜೆ ಇಟ್ಟಳು ಎಂದು ಬೀಗಿದರೆ ನಾಳೆ ಇಡೀ ದಿನ ಅಂಬೆಗಾಲು. ಹಿಂದೆ ಹೋದಳು ಎಂದು ಯಾರೂ ಕೊರಗುವುದಿಲ್ಲ.

ಆದರೆ ಕೊರಗಿಸುವವರು ಇದ್ದೇ ಇರುತ್ತಾರೆ. ‘ಇನ್ನೂ ನಡೀಲಿಲ್ವಾ? ನಮ್ಮವನು ಹತ್ತು ತಿಂಗಳಿಗೇ ಮನೆಯೆಲ್ಲ ಓಡಾಡಿಬಿಟ್ಟಿದ್ದ’ ಎಂದು ಬೀಗಿತ್ತಿಯವರು ಫೋನಿನಲ್ಲಿ ಕೇಳಿದ ದಿನ ಮಗಳು ಊಟ ಸರಿಯಾಗಿ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನವಿದೆ. ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಮಕ್ಕಳನ್ನು ನೋಡಿ ಮಾಡಿದ್ದು. ಆರೋಗ್ಯವಾಗಿರುವ ಮಕ್ಕಳು ಯಾರ ಆಸರೆಯೂ ಇಲ್ಲದೆ ನಡೆಯುವ ಕಾಲ 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ ಹರಡಿಕೊಂಡಿದೆ ಎಂದು ಅದು ಹೇಳುತ್ತದೆ. ನೂರಕ್ಕೆ ನಾಲ್ಕು ಮಕ್ಕಳು ಮಂಡಿಯೂರಿ ಅಂಬೆಗಾಲಿಡುವುದೇ ಇಲ್ಲ. 18 ತಿಂಗಳಾದರೂ ನಡೆಯದಿದ್ದರೆ ವೈದ್ಯರಿಗೆ ತೋರಿಸಬೇಕು, ಅದು ಸರಿ. ಅಲ್ಲಿಯವರೆಗಿನ ಹತ್ತು ತಿಂಗಳ ಅಂಗಳದಲ್ಲಿ ಯಾವ ಕೂಸು ಎಲ್ಲಿ ನಿಂತರೂ ಅದು ಅದರ ಜಾಗವೇ. ಮಗಳಿಗೆ ಇದನ್ನು ಓದಿ ಹೇಳಿದೆ. ‘ಇದನ್ನ ನಮ್ಮತ್ತೆಗೆ ಹೇಳು’ ಎಂದಳು.

ಇನ್ನು ಬೀಳುವ ವಿಷಯ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕ್ಯಾರನ್ ಅಡಾಲ್ಫ್ ಎಂಬ ವಿದುಷಿ ಬಹಳ ವರ್ಷಗಳಿಂದ ಮಕ್ಕಳ ಚಲನೆಯನ್ನೇ ಅಭ್ಯಾಸ ಮಾಡುತ್ತಿದ್ದಾರೆ. ಅವರೂ ಅವರ ಸಂಗಡಿಗರೂ 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 12ರಿಂದ 19 ತಿಂಗಳ ಮಕ್ಕಳು ಆಡುವಾಗ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ. ಗಂಟೆಗೆ ಹದಿನೇಳು! ದೊಡ್ಡವರಾದ ನಾವು ವರ್ಷಕ್ಕೊಮ್ಮೆ ಬಚ್ಚಲಲ್ಲಿ ಜಾರಿದರೆ ಆರು ತಿಂಗಳು ಅದನ್ನೇ ಹೇಳುತ್ತಿರುತ್ತೇವೆ. ಕೂಸು ಬಿದ್ದ ಮೇಲೆ ಏನು ಮಾಡುತ್ತದೆಂಬುದನ್ನು ನೀವೂ ಗಮನಿಸಿರಬಹುದು. ಪೆಟ್ಟು ಜೋರಾಗಿಲ್ಲದಿದ್ದರೆ ಅದು ಮೊದಲು ನಮ್ಮ ಮುಖ ನೋಡುತ್ತದೆ. ನಾವು ‘ಅಯ್ಯೋ’ ಎಂದರೆ ಅಳುತ್ತದೆ. ‘ಏನೂ ಆಗ್ಲಿಲ್ಲ, ಏಳು ಪುಟ್ಟಿ’ ಎಂದರೆ ನೆಲಕ್ಕೆ ಕೈಯೂರಿ ಏಳುತ್ತದೆ. ಬಿದ್ದದ್ದು ಎಷ್ಟು ದೊಡ್ಡ ವಿಷಯ ಎಂಬುದನ್ನು ಅದು ನಮ್ಮ ಕಣ್ಣಿನಿಂದ ತಿಳಿದುಕೊಳ್ಳುತ್ತದೆ.

ಅಂಬೆಗಾಲಿನಲ್ಲಿ ಪಳಗಿದ ಕೂಸು ಅದನ್ನು ಬಿಟ್ಟು ಬೀಳುವ ನಡಿಗೆಗೆ ಏಕೆ ಹೋಗುತ್ತದೆ ಎಂಬ ಪ್ರಶ್ನೆ ನನಗಿತ್ತು. ಅದಕ್ಕೂ ಅದೇ ಅಧ್ಯಯನದಲ್ಲಿ ಉತ್ತರ ಸಿಕ್ಕಿತು. ಆಗತಾನೆ ನಡೆಯಲು ಕಲಿತ ಕೂಸು, ಚೆನ್ನಾಗಿ ಅಂಬೆಗಾಲಿಡುವ ಕೂಸಿಗಿಂತ ಹೆಚ್ಚು ಬೇಗ, ಹೆಚ್ಚು ದೂರ ಹೋಗುತ್ತದೆ. ಬೀಳುವುದರಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಸಮ. ಎಂದರೆ ನೆಲಕ್ಕೆ ಅಂಟಿಕೊಂಡಿದ್ದವರು ಬೀಳುವುದಿಲ್ಲ ಎಂಬ ನಮ್ಮ ನಂಬಿಕೆಯೇ ಅಷ್ಟು ಸರಿಯಲ್ಲ. ಬೀಳುವುದು ಹೇಗೂ ಇದ್ದದ್ದೇ. ಎದ್ದು ನಡೆದರೆ ನಾಲ್ಕು ಜಾಗವಾದರೂ ಕಂಡೀತು. ಅಂಬೆಗಾಲಿಡುವ ಕೂಸಿನ ಕಣ್ಣಿಗೆ ಬೀಳುವುದು ಹೆಚ್ಚಾಗಿ ನೆಲ. ನಿಂತ ಕೂಸಿಗೆ ಕಿಟಕಿ ಕಾಣುತ್ತದೆ, ಎದುರಿಗಿರುವವರ ಮುಖ ಕಾಣುತ್ತದೆ. ಕೈಗಳು ಖಾಲಿಯಾಗಿರುತ್ತವೆ. ಖಾಲಿಯಾದ ಕೈಯಲ್ಲಿ ಮೊಮ್ಮಗಳು ಮಾಡಿದ ಮೊದಲ ಕೆಲಸವೆಂದರೆ ಅಡುಗೆಮನೆಯಿಂದ ಒಂದು ಈರುಳ್ಳಿ ತಂದು ನನ್ನ ಕೈಗೆ ಕೊಟ್ಟದ್ದು.

ಅಡಾಲ್ಫ್ ಅವರ ಇನ್ನೊಂದು ಪ್ರಯೋಗ ನನ್ನನ್ನು ಬಹಳ ದಿನ ಕಾಡಿತು. 1997ರಲ್ಲಿ ಪ್ರಕಟವಾದದ್ದು. ಕೂಸುಗಳನ್ನು ಇಳಿಜಾರು ಹಲಗೆಯ ಮೇಲೆ ಬಿಟ್ಟು ನೋಡಿದರು. ಬಿದ್ದರೆ ಹಿಡಿಯಲು ಪಕ್ಕದಲ್ಲೇ ಜನ. ಅಂಬೆಗಾಲಿಡುವ ಕೂಸು ಮೊದಮೊದಲು ಕಡಿದಾದ ಇಳಿಜಾರಿಗೂ ನುಗ್ಗುತ್ತದೆ. ವಾರಗಳು ಕಳೆದಂತೆ ಅದಕ್ಕೆ ವಿವೇಕ ಬರುತ್ತದೆ. ಅಂಚಿನಲ್ಲಿ ನಿಂತು ತಡವಿ ನೋಡಿ ಹಿಂದೆ ಸರಿಯುತ್ತದೆ. ಆದರೆ ಅದೇ ಕೂಸು ನಡೆಯಲು ಶುರುಮಾಡಿತೋ, ಕಲಿತದ್ದೆಲ್ಲ ಕೈಬಿಟ್ಟಂತೆ ಮತ್ತೆ ಅದೇ ಇಳಿಜಾರಿಗೆ ನುಗ್ಗುತ್ತದೆ! ನಾಲ್ಕು ಕಾಲಿನಲ್ಲಿ ಬಂದ ಎಚ್ಚರ ಎರಡು ಕಾಲಿಗೆ ತಾನಾಗಿ ಬರುವುದಿಲ್ಲ. ಹೊಸ ನಿಲುವಿನಲ್ಲಿ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು.

ಇದನ್ನು ಓದಿದಾಗ ನನಗೆ ನೆನಪಾದದ್ದು ಮದುವೆಯಾಗಿ ಹೋದ ಹುಡುಗಿಯರು. ತವರಿನಲ್ಲಿ ಇಪ್ಪತ್ತೈದು ವರ್ಷ ಇದ್ದು, ಅಪ್ಪನ ಸಿಟ್ಟು ಯಾವ ಹೊತ್ತಿಗೆ ಇಳಿಯುತ್ತದೆ, ಅಜ್ಜಿಗೆ ಸಾರಿನ ಹುಳಿ ಎಷ್ಟಿರಬೇಕು ಎಂದೆಲ್ಲ ಬಲ್ಲ ಜಾಣೆ ಅತ್ತೆಮನೆಯಲ್ಲಿ ಮೊದಲ ವಾರವೇ ಎಡವುತ್ತಾಳೆ. ‘ಅಷ್ಟು ಓದಿದ್ದಾಳೆ, ಇಷ್ಟೂ ತಿಳಿಯಲ್ವಾ?’ ಎನ್ನುತ್ತಾರೆ. ನಲವತ್ತೈದು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಮೊದಲ ಸಲ ಬ್ಯಾಂಕಿನ ಕಿಟಕಿಯ ಮುಂದೆ ನಿಂತ ಹೆಂಗಸು ಚಲನ್ ತಪ್ಪು ತುಂಬಿದರೆ ಹಿಂದಿನ ಸಾಲಿನವರು ಉಸಿರು ಬಿಡುತ್ತಾರೆ. ಆಕೆ ಮೂವತ್ತು ರೂಪಾಯಿಯಲ್ಲಿ ಐದು ಜನರ ಊಟ ತೂಗಿಸಿದವಳು, ಲೆಕ್ಕ ಬಾರದವಳಲ್ಲ. ನಿಲುವು ಬದಲಾಗಿದೆ, ಅಷ್ಟೆ. ಬಾಳಿನಲ್ಲಿ ನಾವು ಒಂದೇ ಸಲ ನಡೆಯಲು ಕಲಿಯುವುದಿಲ್ಲ. ಹೊಸ ಮನೆ, ಹೊಸ ಕೆಲಸ, ತಾಯ್ತನ, ಒಂಟಿತನ, ಮುಪ್ಪು, ಒಂದೊಂದರ ಬಾಗಿಲಲ್ಲೂ ಮತ್ತೆ ತಪ್ಪುಹೆಜ್ಜೆಯಿಂದಲೇ ಶುರು. ಆದರೆ ಹದಿನೇಳು ಸಲ ಬೀಳುವ ಸವಲತ್ತು ಸಿಗುವುದು ಮೊದಲ ಸಲ ಮಾತ್ರ.

ಬೀಳದಂತೆ ಕಾಪಾಡಿಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ಅದಕ್ಕೂ ಒಂದು ಸಾಧನ ಅಂಗಡಿಗೆ ಬಂದು ಬಹಳ ವರ್ಷಗಳಾದವು. ನಡುವೆ ಕೂಸನ್ನು ಕೂರಿಸುವ, ಸುತ್ತ ಗಾಲಿಗಳಿರುವ ವಾಕರ್. ಅಳಿಯಂದಿರು ಒಂದನ್ನು ತಂದರು. ಮಕ್ಕಳ ಡಾಕ್ಟರು ಬೇಡವೆಂದರು. ಅದರಲ್ಲಿ ಕೂಸು ನಿಲ್ಲುವುದಿಲ್ಲ, ತೂಗುತ್ತದೆ. ಕಾಲಿನ ತುದಿಯಿಂದ ನೆಲ ಒದೆಯುತ್ತದೆ. ಸಮತೋಲ ಕಲಿಯುವ ಅಗತ್ಯವೇ ಬೀಳದ್ದರಿಂದ ನಡಿಗೆ ಬೇಗ ಬರುವುದಿಲ್ಲ. ಜೊತೆಗೆ ಮೆಟ್ಟಿಲು ಕಂಡರೆ ಅಷ್ಟೂ ವೇಗದಲ್ಲಿ ಉರುಳುತ್ತದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಹಳೆಯ ಮೂರು ಗಾಲಿಯ ಮರದ ತಳ್ಳುಗಾಡಿ ಬೇರೆ ಜಾತಿಯದು. ಕೂಸು ತನ್ನ ಕಾಲ ಮೇಲೆ ತಾನೇ ನಿಂತು ಅದನ್ನು ತಳ್ಳಬೇಕು; ಕೈ ಬಿಟ್ಟರೆ ಬೀಳುತ್ತದೆ. ಅದಕ್ಕೂ ಪಕ್ಕದಲ್ಲಿ ಒಬ್ಬರು ಇರಲೇಬೇಕು, ನಿಜ. ಆದರೆ ತೂಗುಹಾಕಿ ಕಾಪಾಡುವುದಕ್ಕೂ ಪಕ್ಕದಲ್ಲಿದ್ದು ಕಾಪಾಡುವುದಕ್ಕೂ ಇರುವ ವ್ಯತ್ಯಾಸ ಆ ಎರಡು ಗಾಡಿಗಳಲ್ಲಿದೆ. ಎಷ್ಟೋ ಹೆಣ್ಣುಮಕ್ಕಳನ್ನು ನಾವು ಬೆಳೆಸುವುದು ಮೊದಲನೆಯ ಗಾಡಿಯಲ್ಲಿ. ಅವಳು ಒಬ್ಬಳೇ ಬಸ್ಸು ಹತ್ತಿದವಳಲ್ಲ, ನಮ್ಮನ್ನು ಕೇಳದೆ ಒಂದು ರವಿಕೆ ಬಟ್ಟೆ ಕೊಂಡವಳಲ್ಲ ಎಂದು ಹೆಮ್ಮೆಯಿಂದ ಹೇಳಿ ಮದುವೆ ಮಾಡುತ್ತೇವೆ. ಮುಂದೆ ಮೆಟ್ಟಿಲು ಬರುತ್ತದೆ.

‘ಹೆಣ್ಣುಮಕ್ಕಳು’ ಎಂದು ಬಿಡಿಸಿ ಹೇಳಲು ಕಾರಣವಿದೆ. ಅದೇ ಅಡಾಲ್ಫ್ ಮತ್ತು ಸಂಗಡಿಗರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹನ್ನೊಂದು ತಿಂಗಳ ಕೂಸುಗಳ ತಾಯಂದಿರನ್ನು ‘ನಿಮ್ಮ ಕೂಸು ಎಷ್ಟು ಕಡಿದಾದ ಇಳಿಜಾರನ್ನು ಅಂಬೆಗಾಲಿನಲ್ಲಿ ಇಳಿಯಬಲ್ಲದು?’ ಎಂದು ಮೊದಲೇ ಕೇಳಿದರು. ಗಂಡುಕೂಸಿನ ತಾಯಂದಿರು ಇರುವುದಕ್ಕಿಂತ ಹೆಚ್ಚು ಹೇಳಿದರು. ಹೆಣ್ಣುಕೂಸಿನ ತಾಯಂದಿರು ಇರುವುದಕ್ಕಿಂತ ಕಡಿಮೆ ಹೇಳಿದರು. ಆಮೇಲೆ ಕೂಸುಗಳನ್ನೇ ಬಿಟ್ಟು ನೋಡಿದರೆ ಹೆಣ್ಣಿಗೂ ಗಂಡಿಗೂ ಏನೂ ವ್ಯತ್ಯಾಸವಿರಲಿಲ್ಲ! ಹೇಳಿದವರು ಅಪ್ಪಂದಿರಲ್ಲ, ಅತ್ತೆಯರಲ್ಲ. ದಿನವೆಲ್ಲ ಜೊತೆಗಿದ್ದು ಎತ್ತಿ ಆಡಿಸುವ ತಾಯಂದಿರು. ಕೂಸಿಗಿನ್ನೂ ತಾನು ಹೆಣ್ಣೆಂದು ಗೊತ್ತಿಲ್ಲ, ನಮಗೆ ಆಗಲೇ ಗೊತ್ತಿದೆ.

ನಮ್ಮ ಬೀದಿಯ ಒಂದು ಮನೆಯ ಮಾತು ಹೇಳುತ್ತೇನೆ. ಮಗಳು ತಾನೇ ಒಪ್ಪಿ ಮದುವೆಯಾದಳು. ತಂದೆತಾಯಿ ಬೇಡವೆಂದಿದ್ದರು. ಎರಡು ವರ್ಷದಲ್ಲಿ ಒಂದು ಸೂಟ್‌ಕೇಸ್ ಹಿಡಿದು ಹಿಂದಿರುಗಿದಳು. ತಾಯಿ ಒಳಗೆ ಕರೆದುಕೊಂಡರು. ತಂದೆ ತಿಂಗಳುಗಟ್ಟಲೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಆ ತಾಯಿ ನಮ್ಮ ಜಗಲಿಯಲ್ಲಿ ಹೂ ಕಟ್ಟುತ್ತಾ ಕೇಳಿದರು: ‘ಅಕ್ಕಾ, ನಾನು ಮಾಡಿದ್ದು ಸರಿಯಾ? ಹೀಗೆ ಕರ್ಕೊಂಡ್ರೆ ತಪ್ಪು ಮಾಡಿದ್ರೂ ನಡೆಯುತ್ತೆ ಅಂತ ಹೇಳಿಕೊಟ್ಟ ಹಾಗಾಗಲ್ವಾ? ಮನೇಲಿ ಇನ್ನೊಬ್ಬಳಿದಾಳೆ.’

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೂಸು ತಿಳಿಯದೆ ಬೀಳುತ್ತದೆ, ದೊಡ್ಡವರು ತಿಳಿದೂ ಬೀಳುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಹೇಗೆ ಎಂದರೆ ಆ ವಾದದಲ್ಲಿ ಹುರುಳಿದೆ. ಕೂಸು ಬಿದ್ದರೆ ಪೆಟ್ಟು ಅದಕ್ಕೊಂದಕ್ಕೇ. ದೊಡ್ಡವರ ಎಷ್ಟೋ ತಪ್ಪುಗಳಲ್ಲಿ ಪೆಟ್ಟು ಬೀಳುವುದು ಇನ್ನೊಬ್ಬರಿಗೆ. ಕುಡಿದು ಬಂದು ಹೆಂಡತಿಯ ಮೇಲೆ ಕೈಮಾಡುವ ಮಗನನ್ನು ‘ಏನೋ ಎಡವಿದಾನೆ, ಹುಡುಗುಬುದ್ಧಿ’ ಎಂದು ಸಮಾಧಾನ ಹೇಳುವ ತಾಯಂದಿರನ್ನು ನಾನು ನೋಡಿದ್ದೇನೆ. ನಲವತ್ತು ವರ್ಷದ ಆ ಹುಡುಗುಬುದ್ಧಿ ತಪ್ಪುಹೆಜ್ಜೆಯಲ್ಲ. ಅದು ಇನ್ನೊಬ್ಬಳ ಕಾಲ ಮೇಲೆ ನಿಂತ ಹೆಜ್ಜೆ. ಎಡವುವುದು ಬೇರೆ, ತುಳಿಯುವುದು ಬೇರೆ. ತುಳಿದವನಿಗೆ ‘ಏನೂ ಆಗ್ಲಿಲ್ಲ ಏಳು’ ಎನ್ನುವುದು ಪ್ರೀತಿಯೂ ಅಲ್ಲ, ನ್ಯಾಯವೂ ಅಲ್ಲ.

ಆದರೆ ನಮ್ಮ ಸಮಾಜದ ಲೆಕ್ಕ ನೋಡಿ. ತುಳಿದ ಮಗನಿಗೆ ಕೂಸಿಗೆ ತೋರುವ ಕ್ಷಮೆ ಸಿಗುತ್ತದೆ. ಒಬ್ಬರನ್ನೂ ನೋಯಿಸದೆ, ನಂಬಿ ಹೆಜ್ಜೆಯಿಟ್ಟು, ತಾನೇ ಪೆಟ್ಟು ತಿಂದು ಬಂದ ಮಗಳಿಗೆ ಅಪರಾಧಿಗೆ ಕೊಡುವ ಶಿಕ್ಷೆ ಸಿಗುತ್ತದೆ. ಕ್ಷಮೆ ನಮ್ಮಲ್ಲಿ ಕಡಿಮೆಯಿಲ್ಲ, ಬಡಿಸುವ ಕೈ ತಪ್ಪುತ್ತಿದೆ. ಆ ತಾಯಿಗೆ ನಾನು ಹೇಳಿದ್ದು ಇಷ್ಟೆ: ‘ಅವಳು ಯಾರನ್ನ ತುಳಿದಿದಾಳೆ ಹೇಳಿ. ಬಿದ್ದಿದಾಳೆ. ಬಿದ್ದವಳು ಮೊದಲು ನಮ್ಮ ಮುಖ ನೋಡ್ತಾಳೆ. ಚಿಕ್ಕವಳೂ ಅದನ್ನೇ ನೋಡ್ತಿರ್ತಾಳೆ. ಬಿದ್ದರೆ ಬಾಗಿಲು ಹಾಕ್ತಾರೆ ಅಂತ ತಿಳ್ಕೊಂಡ್ರೆ ಅವಳು ಬೀಳೋದನ್ನ ಬಿಡಲ್ಲ, ಬಿದ್ದದ್ದನ್ನ ನಿಮಗೆ ಹೇಳೋದನ್ನ ಬಿಡ್ತಾಳೆ.’ ಆಕೆ ಮಾತಾಡಲಿಲ್ಲ. ಮಾಲೆ ಮುಗಿಸಿ ಅರ್ಧ ಕತ್ತರಿಸಿ ನನಗೆ ಕೊಟ್ಟು ಹೋದರು. ಆ ಹುಡುಗಿ ಈಗ ಹೊಲಿಗೆಯ ಅಂಗಡಿ ಇಟ್ಟಿದ್ದಾಳೆ. ಬಟ್ಟೆ ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂಬ ದೂರು ಬಿಟ್ಟರೆ ಅವಳ ಬಗ್ಗೆ ಬೀದಿಯಲ್ಲಿ ಬೇರೆ ಮಾತಿಲ್ಲ.

ಹಾಗಾದರೆ ಹಿಡಿಯುವುದೆಷ್ಟು, ಬಿಡುವುದೆಷ್ಟು? ಕನ್ನಡದಲ್ಲಿ ‘ಕೈ ಹಿಡಿಯುವುದು’ ಎಂದರೆ ಕಾಪಾಡುವುದು, ‘ಕೈ ಬಿಡುವುದು’ ಎಂದರೆ ತೊರೆಯುವುದು. ಪ್ರೀತಿಯಿಂದ ಕೈ ಬಿಡುವುದಕ್ಕೆ ನಮ್ಮಲ್ಲಿ ಪದವೇ ಇಲ್ಲ. ಆದ್ದರಿಂದಲೇ ಬಿಡಬೇಕಾದ ಹೊತ್ತಿನಲ್ಲಿ ತಾಯಂದಿರಿಗೆ ಪಾಪಪ್ರಜ್ಞೆ ಕಾಡುತ್ತದೆಯೋ ಏನೋ. ಆದರೆ ಪದವಿಲ್ಲದ ಆ ಕೆಲಸವನ್ನು ನಮ್ಮ ಅಜ್ಜಿಯಂದಿರು ಚೆನ್ನಾಗಿಯೇ ಬಲ್ಲವರಾಗಿದ್ದರು. ಅವರು ಕೂಸಿನ ಮಣಿಕಟ್ಟು ಹಿಡಿದು ನಡೆಸುತ್ತಿರಲಿಲ್ಲ. ತಮ್ಮ ತೋರುಬೆರಳನ್ನು ಮುಂದೆ ಚಾಚುತ್ತಿದ್ದರು, ಕೂಸು ಅದನ್ನು ಹಿಡಿಯುತ್ತಿತ್ತು. ಮೇಲುನೋಟಕ್ಕೆ ಎರಡೂ ಒಂದೇ. ಮಣಿಕಟ್ಟು ಹಿಡಿದರೆ ಯಾವಾಗ ಬಿಡಬೇಕೆಂದು ತೀರ್ಮಾನಿಸುವವರು ನಾವು. ಬೆರಳು ಕೊಟ್ಟರೆ ತೀರ್ಮಾನ ಕೂಸಿನದು. ಬೇಕೆನಿಸುವಷ್ಟು ಹೊತ್ತು ಹಿಡಿಯುತ್ತದೆ, ಧೈರ್ಯ ಬಂದಾಗ ಬಿಡುತ್ತದೆ, ಹೆದರಿದರೆ ಮತ್ತೆ ಹುಡುಕುತ್ತದೆ. ಎಳೆಯ ಮಕ್ಕಳ ಕೈಯನ್ನು ಜಗ್ಗಿ ಎಳೆದರೆ ಮೊಣಕೈ ಕೀಲು ಜರುಗುವುದುಂಟು ಎಂದು ವೈದ್ಯರೂ ಎಚ್ಚರಿಸುತ್ತಾರೆ. ಬೆರಳು ಕೊಟ್ಟು ಯಾವ ಕೂಸಿನ ಕೀಲೂ ಜರುಗಿಲ್ಲ.

ಬೆರಳು ಕೊಡುವುದರಲ್ಲಿ ಒಂದು ಕಷ್ಟವಿದೆ. ಅದಕ್ಕಾಗಿ ನಾವು ಬಗ್ಗಿ ನಡೆಯಬೇಕು, ಕೂಸಿನ ವೇಗಕ್ಕೆ ನಡೆಯಬೇಕು, ಅದು ತಿರುಗಿದ ಕಡೆ ತಿರುಗಬೇಕು. ಸೊಂಟ ನೋಯುತ್ತದೆ. ಎತ್ತಿಕೊಂಡು ಹೋಗುವುದು ಎಷ್ಟೋ ಸುಲಭ. ಬೆಳೆದ ಮಕ್ಕಳ ವಿಷಯದಲ್ಲೂ ಎತ್ತಿಕೊಳ್ಳುವುದು ಸುಲಭ, ಇಳಿಸಿ ಬಾಗಿಲು ಹಾಕಿಕೊಳ್ಳುವುದೂ ಸುಲಭ. ಬೆರಳು ಚಾಚಿ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದೇ ಕಷ್ಟ. ಆದರೆ ಆ ಸೊಂಟನೋವು ಬಹಳ ದಿನದ್ದಲ್ಲ. ಮೊಮ್ಮಗಳು ಊರಿಗೆ ಹೊರಡುವ ಹಿಂದಿನ ವಾರವೇ ನನ್ನ ಬೆರಳನ್ನು ಆಚೆ ತಳ್ಳಲು ಶುರುಮಾಡಿದ್ದಳು.